ಏಳು ಬೆಳೆಗಳ ನಾಡಿನ ಊಟ

1906ರಲ್ಲಿ ಇಂದಿನ ಇಸ್ರೇಲಿನ ಗಲಿಲಾಯ ಸೀಮೆಯ ರೋಶ್ ಪಿನ್ನಾ ಎಂಬ ಊರಿನ ದ್ರಾಕ್ಷಿತೋಟದಲ್ಲಿ ಅಡ್ಡಾಡುತ್ತಿದ್ದ ಅಹರೋನ್ ಅಹರೋನ್‌ಸೋನ್ ಎಂಬ ಕೃಷಿವಿಜ್ಞಾನಿಯ ಕಣ್ಣಿಗೆ, ಬಂಡೆಯ ಬಿರುಕಿನಲ್ಲಿ ಬೆಳೆದಿದ್ದ ಒಂದು ಗಿಡ ಬಿತ್ತು. ದೂರಕ್ಕೆ ಅದು ಹುಲ್ಲು. ಹತ್ತಿರ ಹೋಗಿ ನೋಡಿದರೆ ಗೋಧಿಯ ತೆನೆ. ಯಾರೂ ಉತ್ತು ಬಿತ್ತದ, ತನ್ನ ಪಾಡಿಗೆ ತಾನು ಹುಟ್ಟಿ ಒಣಗುವ ಕಾಡು ಗೋಧಿ. ಮಾಗಿದ ಕೂಡಲೇ ಇದರ ತೆನೆ ತಾನಾಗಿ ಮುರಿದು ಕಾಳು ಉದುರಿಹೋಗುತ್ತದೆ, ಕುಡುಗೋಲು ಬರುವವರೆಗೆ ಕಾಯುವುದಿಲ್ಲ. ನಾವು ಬಿತ್ತಿ ಬೆಳೆಯುವ ಗೋಧಿಯ ಪೂರ್ವಜ ಯಾವುದು ಎಂದು ಸಸ್ಯವಿಜ್ಞಾನಿಗಳು ಬಹುಕಾಲದಿಂದ ಹುಡುಕುತ್ತಿದ್ದರು. ಉತ್ತರ ಆ ಬಿರುಕಿನಲ್ಲಿತ್ತು. ಎಮ್ಮರ್ ಎಂಬ ಗೋಧಿಯ ಕಾಡುರೂಪ ಅದು.

ಯೆಹೂದ್ಯರ ಧರ್ಮಗ್ರಂಥವಾದ ತೋರಾದ ಐದನೆಯ ಪುಸ್ತಕ, ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡ ಎಂದು ಕರೆಯುವ ಭಾಗ, ಇದೇ ನೆಲವನ್ನು ವರ್ಣಿಸುವಾಗ ಏಳು ಬೆಳೆಗಳನ್ನು ಹೆಸರಿಸುತ್ತದೆ: ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಜೇನು. ಕೊನೆಯ ಜೇನು ಖರ್ಜೂರದಿಂದ ತೆಗೆದ ಪಾಕ ಎಂಬುದು ಯೆಹೂದ್ಯ ಪರಂಪರೆಯ ತಿಳಿವಳಿಕೆ. ಹಾಗಾಗಿ ಏಳನೆಯ ಬೆಳೆ ಖರ್ಜೂರ. ಜೆರುಸಲೇಮಿನ ದೇವಾಲಯ ಇದ್ದ ಕಾಲಕ್ಕೆ ಮೊದಲ ಫಲದ ಕಾಣಿಕೆ ಸಲ್ಲುತ್ತಿದ್ದದ್ದು ಈ ಏಳರಿಂದ ಮಾತ್ರ. ಶೆವಾತ್ ತಿಂಗಳ ಹದಿನೈದನೆಯ ದಿನ ಆಚರಿಸುವ ಮರಗಳ ಹೊಸವರ್ಷದಂದು ಇವತ್ತಿಗೂ ಇವುಗಳ ಹಣ್ಣುಗಳನ್ನು ತಟ್ಟೆಯಲ್ಲಿಟ್ಟು ಪ್ರಾರ್ಥನೆ ಹೇಳಿ ತಿನ್ನುತ್ತಾರೆ.

ಈ ಪಟ್ಟಿಯನ್ನು ಆ ನೆಲದ ಮಳೆಯ ಜತೆ ಇಟ್ಟು ನೋಡಬೇಕು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಮಳೆ ಕುಡಿದು ಬೆಳೆದ ಬಾರ್ಲಿ ಮೊದಲು ಕೊಯ್ಲಿಗೆ ಬರುತ್ತದೆ, ಪಾಸ್ಕ ಹಬ್ಬದ ಹೊತ್ತಿಗೆ. ಏಳು ವಾರ ಕಳೆದು ಶಾವುವೋತ್ ಹಬ್ಬಕ್ಕೆ ಗೋಧಿ. ಬೇಸಿಗೆಯಲ್ಲಿ ದ್ರಾಕ್ಷಿ, ಅಂಜೂರ. ಬೇಸಿಗೆ ಇಳಿಯುವಾಗ ದಾಳಿಂಬೆ, ಖರ್ಜೂರ. ಎಲ್ಲ ಮುಗಿದ ಮೇಲೆ ಆಲಿವ್. ಇವುಗಳಲ್ಲಿ ಬಹುತೇಕ ಎಲ್ಲವನ್ನೂ ಒಣಗಿಸಿಯೋ, ಹಿಂಡಿಯೋ, ಉಪ್ಪುನೀರಿನಲ್ಲಿ ಹಾಕಿಯೋ ವರ್ಷವಿಡೀ ಇಟ್ಟುಕೊಳ್ಳಬಹುದು. ಪಿಷ್ಟ, ಕೊಬ್ಬು, ಸಕ್ಕರೆ, ನಾರು, ಪೊಟ್ಯಾಸಿಯಂ ಮೊದಲಾದ ಖನಿಜಗಳು ಒಂದು ಕುಟುಂಬಕ್ಕೆ ಹನ್ನೆರಡು ತಿಂಗಳು ಸಿಗುವಂತೆ ಹೊಂದಿಸಿದ ಬೆಳೆಗಳು ಇವು. ಗ್ರಂಥ ಇವನ್ನು ಹೊಗಳಿದ್ದು ಅನ್ನವೆಂದು. ಇತ್ತೀಚಿನ ಆರೋಗ್ಯ ಪುಸ್ತಕಗಳು ಇವನ್ನು ಬಿಡಿಬಿಡಿಯಾಗಿ ಎತ್ತಿ ಒಂದೊಂದು ರೋಗಕ್ಕೆ ಒಂದೊಂದು ಹಣ್ಣು ಎಂದು ಹಂಚುತ್ತವೆ. ವಿಜ್ಞಾನದ ಪುರಾವೆಯನ್ನು ಸಮಾಧಾನದಿಂದ ನೋಡಿದರೆ ಗ್ರಂಥದ ದಾರಿಯೇ ಸರಿಯೆಂದು ಕಾಣುತ್ತದೆ. ಇವುಗಳ ಗುಣ ದಿನದಿನದ ಊಟದಲ್ಲಿದೆ, ಮದ್ದಿನ ಬಾಟಲಿಗೆ ಇಳಿಸಿದಾಗ ಬಹುಪಾಲು ಸೋರಿಹೋಗುತ್ತದೆ.

ಗೋಧಿಯಿಂದಲೇ ಶುರು ಮಾಡೋಣ. ಅಹರೋನ್‌ಸೋನ್ ಕಂಡ ಕಾಡು ಎಮ್ಮರ್ ಬರಿಯ ಇತಿಹಾಸದ ಕುತೂಹಲವಾಗಿ ಉಳಿಯಲಿಲ್ಲ. ಸರಿಯಾಗಿ ನೂರು ವರ್ಷದ ನಂತರ, 2006ರಲ್ಲಿ, ಅಮೆರಿಕ ಮತ್ತು ಹೈಫಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರಲ್ಲಿದ್ದ ಒಂದು ವಂಶವಾಹಿಯನ್ನು ಬೇರ್ಪಡಿಸಿ ತೋರಿಸಿದರು. ತೆನೆ ಬಲಿಯುವ ಹೊತ್ತಿಗೆ ಎಲೆಗಳು ಬೇಗ ಹಣ್ಣಾಗುವಂತೆ ಮಾಡಿ, ಎಲೆಯಲ್ಲಿ ಕೂಡಿಟ್ಟ ಸಾರಜನಕ, ಸತು, ಕಬ್ಬಿಣವನ್ನು ಕಾಳಿಗೆ ಸಾಗಿಸುವುದು ಇದರ ಕೆಲಸ. ಇದರ ಚಟುವಟಿಕೆ ತಗ್ಗಿಸಿದ ಗೋಧಿಯಲ್ಲಿ ಪ್ರೋಟೀನು, ಸತು, ಕಬ್ಬಿಣ ಮೂರೂ ಶೇ. 30ಕ್ಕಿಂತ ಹೆಚ್ಚು ಕುಸಿದವು. ನಾವು ಇಂದು ತಿನ್ನುವ ಬಹುತೇಕ ಗೋಧಿ ತಳಿಗಳಲ್ಲಿ ಈ ವಂಶವಾಹಿ ಕೆಟ್ಟುಹೋಗಿದೆ. ಸಾವಿರಾರು ವರ್ಷ ದಪ್ಪ ಕಾಳನ್ನೂ ಹೆಚ್ಚು ಇಳುವರಿಯನ್ನೂ ಆರಿಸುತ್ತ ಬಂದ ರೈತನ ಕೈಯಿಂದ ಇದು ಗೊತ್ತಾಗದಂತೆ ಜಾರಿತ್ತು. ಈಗ ತಳಿ ತಜ್ಞರು ಅದನ್ನು ಕಾಡು ಗೋಧಿಯಿಂದ ಮತ್ತೆ ಊರ ಗೋಧಿಗೆ ತರುತ್ತಿದ್ದಾರೆ.

ಎಮ್ಮರ್ ನಮಗೂ ಹೊಸಬನಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಸದಕ ಎಂದೂ ಖಪ್ಲಿ ಎಂದೂ ಕರೆಯುವ ಗೋಧಿ ಇದೇ ಜಾತಿ. ಇದರ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ, ಒಕ್ಕಿದರೂ ಬಿಡುವುದಿಲ್ಲ, ಬೇರೆಯಾಗಿ ಕುಟ್ಟಿಸಬೇಕು. ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಇದೇ ಬೇಕು ಎನ್ನುವ ಮನೆಗಳು ಇನ್ನೂ ಇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಎಂಬ ಹೆಸರಿನಲ್ಲಿ ಇದರ ಗಿಡ್ಡ ತಳಿಗಳನ್ನು ಕೊಟ್ಟಿದೆ. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು: ಹಳೆಯ ಗೋಧಿಯಾದ್ದರಿಂದ ಖಪ್ಲಿಯಲ್ಲಿ ಗ್ಲೂಟೆನ್ ಇಲ್ಲ ಎಂದು ಹೇಳಿ ಮಾರುವವರಿದ್ದಾರೆ. ಅದು ಸುಳ್ಳು. ಸೀಲಿಯಾಕ್ ಕಾಯಿಲೆ ಇರುವವರಿಗೆ ಎಮ್ಮರೂ ಆಗದು, ಬಾರ್ಲಿಯೂ ಆಗದು.

ಏಳರಲ್ಲಿ ವಿಜ್ಞಾನದ ಬಲವಾದ ಬೆಂಬಲ ಪಡೆದ ಧಾನ್ಯ ಬಾರ್ಲಿ. ವಿಚಿತ್ರವೆಂದರೆ ಹಿಂದೆ ಇದಕ್ಕೆ ಮರ್ಯಾದೆ ಕಡಿಮೆ. ಗೋಧಿ ಉಳ್ಳವರ ರೊಟ್ಟಿ, ಬಾರ್ಲಿ ಬಡವರ ರೊಟ್ಟಿ, ಜತೆಗೆ ದನ ಕುದುರೆಗಳ ಮೇವು. ಬೇತ್ಲೆಹೇಮಿನ ಹೊಲಗಳಲ್ಲಿ ವಿಧವೆ ರೂತಳು ಅತ್ತೆಯನ್ನು ಸಾಕಲು ಹಕ್ಕಲಾಯ್ದದ್ದು ಬಾರ್ಲಿ ಸುಗ್ಗಿಯಲ್ಲಿ. ಕೊಯ್ಯುವಾಗ ಬಿದ್ದ ತೆನೆಯನ್ನು ಹೊಲದವನು ಮತ್ತೆ ಎತ್ತಿಕೊಳ್ಳಬಾರದು, ಅದು ಬಡವರ ಪಾಲು ಎಂಬ ಕಟ್ಟಳೆ ತೋರಾದಲ್ಲೇ ಇದೆ. ಮನುಷ್ಯ ಬಾರ್ಲಿ ತಿಂದ ಕಥೆ ಅದಕ್ಕಿಂತ ಬಹಳ ಹಳೆಯದು. 1989ರಲ್ಲಿ ಗಲಿಲಾಯ ಸಮುದ್ರದ ನೀರು ಇಳಿದಾಗ ದಂಡೆಯಲ್ಲಿ ಒಹಾಲೋ ಎಂಬ ನೆಲೆ ಹೊರಬಿತ್ತು. ಸುಮಾರು 23,000 ವರ್ಷದ ಹಿಂದೆ ಬೇಟೆಗಾರರು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅವರು ಬಿಟ್ಟುಹೋದ ಒಂದು ಅರೆಯುವ ಕಲ್ಲಿನ ಸಂದುಗಳಲ್ಲಿ ಕಾಡು ಬಾರ್ಲಿಯ ಪಿಷ್ಟದ ಕಣಗಳು ಸಿಕ್ಕವು. ಬೇಸಾಯ ಶುರುವಾಗಲು ಇನ್ನೂ ಹತ್ತು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಇತ್ತು.

ಬಾರ್ಲಿ ಬೇಯಿಸಿದರೆ ಗಂಜಿ ಲೋಳೆಯಾಗುತ್ತದಲ್ಲ, ಆ ಲೋಳೆಯೇ ಇದರ ಗುಟ್ಟು. ಅದು ಬೀಟಾ ಗ್ಲೂಕಾನ್ ಎಂಬ ಕರಗುವ ನಾರು. ಗೋಧಿಯಲ್ಲಿ ಇದು ಶೇ. 1ರ ಆಸುಪಾಸು, ಬಾರ್ಲಿಯಲ್ಲಿ ಸಾಮಾನ್ಯವಾಗಿ ಶೇ. 4ರಿಂದ 6. ಸಣ್ಣ ಕರುಳಿನಲ್ಲಿ ಈ ಲೋಳೆ ಆಹಾರವನ್ನೆಲ್ಲ ಮಂದಗೊಳಿಸುತ್ತದೆ, ಹೀಗಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಜತೆಗೆ ಪಿತ್ತದ ಆಮ್ಲಗಳನ್ನು ಹಿಡಿದಿಟ್ಟು ಮಲದೊಂದಿಗೆ ಹೊರಗೆ ಒಯ್ಯುತ್ತದೆ. ಸಾಮಾನ್ಯವಾಗಿ ಈ ಆಮ್ಲಗಳು ಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳಬೇಕು. ಮರಳದಿದ್ದಾಗ ಯಕೃತ್ತು ಹೊಸದಾಗಿ ತಯಾರಿಸಬೇಕಾಗುತ್ತದೆ, ಅದಕ್ಕೆ ಬೇಕಾದ ಕಚ್ಚಾವಸ್ತು ಕೊಲೆಸ್ಟೆರಾಲ್. ರಕ್ತದಿಂದ ಅದನ್ನು ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟೆರಾಲ್ ಇಳಿಯುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ತಪ್ಪದೆ ಹೊಟ್ಟೆಗೆ ಹೋದರೆ ಎಲ್‌ಡಿಎಲ್ ಶೇ. 5ರಿಂದ 7ರಷ್ಟು ತಗ್ಗುವುದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲಿ ಬಾರ್ಲಿ ಪೊಟ್ಟಣದ ಮೇಲೆ ಹೃದಯಕ್ಕೆ ಹಿತ ಎಂದು ಬರೆಯಲು ಒಪ್ಪಿಗೆ ಕೊಟ್ಟದ್ದು ಇದೇ ಆಧಾರದ ಮೇಲೆ. 3 ಗ್ರಾಂ ಎಂದರೆ ಸುಮಾರು 70 ಗ್ರಾಂ ಒಣ ಬಾರ್ಲಿ. ದಿನಸಿ ಅಂಗಡಿಯಲ್ಲಿ ಸಿಗುವ ಪಾಲಿಶ್ ಮಾಡಿದ ಬಾರ್ಲಿಯಲ್ಲೂ ಈ ನಾರು ಉಳಿದಿರುತ್ತದೆ, ಏಕೆಂದರೆ ಅದು ಹೊಟ್ಟಿನಲ್ಲಷ್ಟೇ ಇಲ್ಲದೆ ಕಾಳಿನ ತಿರುಳಿನಲ್ಲೂ ಹರಡಿದೆ. ಉರಿಮೂತ್ರವೆಂದು ನಾವು ಬಾರ್ಲಿ ಕುದಿಸಿ ತಿಳಿ ಕುಡಿದು ಕಾಳು ಚೆಲ್ಲುತ್ತೇವೆ. ನಾರಿನ ದೊಡ್ಡ ಪಾಲು ಆ ಕಾಳಿನ ಜತೆ ಹೋಗುತ್ತದೆ.

ಇನ್ನೊಂದು ಸಂಗತಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಿಂದ ಬಂದದ್ದು. ರಾತ್ರಿ ಊಟಕ್ಕೆ ಬಾರ್ಲಿ ಕಾಳಿನ ಬ್ರೆಡ್ ತಿಂದವರಿಗೆ ಮರುದಿನ ಬೆಳಗಿನ ತಿಂಡಿಯ ನಂತರ ರಕ್ತದ ಸಕ್ಕರೆ ಕಡಿಮೆ ಏರಿತು. ರಾತ್ರಿಯಿಡೀ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಯಿಸಿ ಬಿಡುವ ಕೊಬ್ಬಿನಾಮ್ಲಗಳು ಇದಕ್ಕೆ ಕಾರಣ ಎಂಬುದು ಅವರ ವಿವರಣೆ. 2015ರ ಅಧ್ಯಯನದಲ್ಲಿ ಒಳ್ಳೆಯ ಫಲ ಕಂಡವರ ಕರುಳಿನಲ್ಲಿ ಪ್ರಿವೊಟೆಲ್ಲ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿತ್ತು. ಧಾನ್ಯ, ಸೊಪ್ಪು ಹೆಚ್ಚು ತಿನ್ನುವ ಭಾರತೀಯರ ಕರುಳಿನಲ್ಲಿ ಇದು ಸಾಕಷ್ಟು ಕಾಣಸಿಗುತ್ತದೆ. ಒಂದೇ ಧಾನ್ಯ ಇಬ್ಬರಿಗೆ ಒಂದೇ ಫಲ ಕೊಡದಿರುವುದು ಏಕೆಂದು ತಿಳಿಯಲು ಇದು ಒಳ್ಳೆಯ ಎಳೆ.

ಧಾನ್ಯದ ಮಾತು ಮುಗಿಸುವ ಮುನ್ನ ಪ್ರವಾದಿ ಯೆಹೆಜ್ಕೇಲನ ರೊಟ್ಟಿ. ಜೆರುಸಲೇಮಿಗೆ ಮುತ್ತಿಗೆ ಬೀಳಲಿದೆ ಎಂಬುದನ್ನು ಜನರ ಕಣ್ಣಿಗೆ ಕಟ್ಟುವಂತೆ ತೋರಿಸಲು ಆತ ಗೋಧಿ, ಬಾರ್ಲಿ, ಅವರೆ, ಮಸೂರ, ಕಿರುಧಾನ್ಯ, ಎಮ್ಮರ್ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ರೊಟ್ಟಿ ಮಾಡಿ ತಿನ್ನಬೇಕಾಯಿತು. ದಿನಕ್ಕೆ 20 ಶೆಕೆಲ್ ತೂಕ, ಅಂದರೆ ಸುಮಾರು 230 ಗ್ರಾಂ. ಯಾವ ಚೀಲದಲ್ಲಿ ಏನು ಉಳಿದಿದೆಯೋ ಅದನ್ನು ಗುಡಿಸಿ ತಿನ್ನುವ ಬರಗಾಲದ ಊಟ ಅದು. ಆದರೂ ಪೋಷಣೆಯ ಲೆಕ್ಕದಲ್ಲಿ ಆ ಹಿಟ್ಟು ಗಟ್ಟಿ. ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಕಡಿಮೆ, ಕಾಳಿನಲ್ಲಿ ಮೆಥಿಯೊನೀನ್ ಕಡಿಮೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜೋಳದ ರೊಟ್ಟಿಗೆ ಕಾಳಿನ ಪಲ್ಯ ಬಡಿಸುವ ನಮ್ಮ ರೂಢಿಯ ಹಿಂದೆಯೂ ಇದೇ ಲೆಕ್ಕವಿದೆ.

ಆಲಿವ್ ಕಾಯಿಯನ್ನು ಮರದಿಂದ ಕಿತ್ತು ಬಾಯಿಗೆ ಹಾಕಿಕೊಂಡರೆ ಉಗುಳಬೇಕು, ಅಷ್ಟು ಕಹಿ. ಉಪ್ಪುನೀರಿನಲ್ಲಿ ವಾರಗಟ್ಟಲೆ ಇಟ್ಟು ಕಹಿ ಇಳಿಸಬೇಕು, ಇಲ್ಲವೇ ಅರೆದು ಎಣ್ಣೆ ತೆಗೆಯಬೇಕು. ಯೆಹೂದ್ಯ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ಎಣ್ಣೆಯ ದರ್ಜೆಗಳನ್ನು ವಿವರವಾಗಿ ಹೇಳುತ್ತದೆ. ಜಜ್ಜಿದ ಕಾಯನ್ನು ಬುಟ್ಟಿಯಲ್ಲಿಟ್ಟಾಗ ತಾನಾಗಿ ಒಸರುವ ಎಣ್ಣೆ ಮೊದಲನೆಯದು, ದೇವಾಲಯದ ದೀಪಕ್ಕೆ ಅದು. ತೊಲೆ ಹೇರಿ ಒತ್ತಿ ತೆಗೆದದ್ದು ಎರಡನೆಯದು. ಮತ್ತೆ ಅರೆದು ಒತ್ತಿದ್ದು ಮೂರನೆಯದು. ಇವತ್ತಿನ ರಸಾಯನ ವಿಜ್ಞಾನವೂ ಈ ದರ್ಜೆಯನ್ನು ಮಾನ್ಯ ಮಾಡುತ್ತದೆ, ಏಕೆಂದರೆ ಶಾಖ, ದ್ರಾವಕ ಮುಟ್ಟದೆ ಮೊದಲು ಬಂದ ಎಣ್ಣೆಯಲ್ಲೇ ಪಾಲಿಫಿನಾಲ್ ಎಂಬ ಸಸ್ಯಜನ್ಯ ರಾಸಾಯನಿಕಗಳು ಹೆಚ್ಚು.

ಆ ಪಾಲಿಫಿನಾಲ್‌ಗಳಲ್ಲಿ ಒಂದು ಪತ್ತೆಯಾದ ಬಗೆ ಸೊಗಸಾಗಿದೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಗ್ಯಾರಿ ಬೋಷಾಂಪ್ ರುಚಿ, ವಾಸನೆಗಳ ಸಂಶೋಧಕರು. ಇಬುಪ್ರೊಫೇನ್ ಎಂಬ ನೋವಿನ ಮದ್ದಿನ ದ್ರವರೂಪ ನುಂಗುವಾಗ ಗಂಟಲ ಹಿಂಭಾಗ ಚುರುಗುಟ್ಟುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1999ರಲ್ಲಿ ಸಿಸಿಲಿಯ ಸಭೆಯೊಂದರಲ್ಲಿ ಹೊಸ ಆಲಿವ್ ಎಣ್ಣೆಯ ರುಚಿ ನೋಡಿದಾಗ ಅದೇ ಜಾಗ, ಅದೇ ಚುರುಕು. ನಾಲಿಗೆಗೆ ಏನೂ ಇಲ್ಲ, ಗಂಟಲಿಗೆ ಮಾತ್ರ. ಹುಡುಕಿದಾಗ ಸಿಕ್ಕ ವಸ್ತುವಿಗೆ ಓಲಿಯೊಕ್ಯಾಂಥಾಲ್ ಎಂದು ಹೆಸರಿಟ್ಟರು. ಉರಿಯೂತ ಹುಟ್ಟಿಸುವ ಕಿಣ್ವಗಳನ್ನು ಇಬುಪ್ರೊಫೇನ್ ತಡೆಯುವಂತೆಯೇ ಇದೂ ತಡೆಯುತ್ತದೆ ಎಂದು 2005ರಲ್ಲಿ ಪ್ರಕಟಿಸಿದರು. ದಿನಕ್ಕೆ 50 ಗ್ರಾಂ ಎಣ್ಣೆ ತಿಂದರೂ ಸಿಗುವುದು ನೋವಿನ ಮಾತ್ರೆಯ ಹತ್ತನೇ ಒಂದು ಪಾಲಿನಷ್ಟು ಬಲ. ತಲೆನೋವು ಇದರಿಂದ ಹೋಗದು. ಆದರೆ ಜೀವಮಾನವಿಡೀ ದಿನವೂ ಸಿಗುವ ಆ ಸಣ್ಣ ಪಾಲಿಗೆ ಬೇರೆಯೇ ಅರ್ಥವಿರಬಹುದು.

ಎಣ್ಣೆಯ ಪರವಾದ ದೊಡ್ಡ ಸಾಕ್ಷಿ ಸ್ಪೇನಿನ ಪ್ರೆಡಿಮೆಡ್ ಪ್ರಯೋಗ. ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಜನರನ್ನು ಸುಮಾರು ಐದು ವರ್ಷ ಹಿಂಬಾಲಿಸಿದರು. ಮೆಡಿಟರೇನಿಯನ್ ಊಟದ ಜತೆ ಧಾರಾಳವಾಗಿ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಸುಮಾರು ಶೇ. 30ರಷ್ಟು ಕಡಿಮೆ. 2013ರಲ್ಲಿ ಪ್ರಕಟವಾದ ಈ ವರದಿಯನ್ನು, ಕೆಲವು ಕೇಂದ್ರಗಳಲ್ಲಿ ಜನರನ್ನು ಗುಂಪುಗಳಿಗೆ ಹಂಚಿದ ಕ್ರಮ ಸರಿಯಿರಲಿಲ್ಲವೆಂದು ಹಿಂತೆಗೆದುಕೊಂಡು, 2018ರಲ್ಲಿ ಹೊಸದಾಗಿ ಲೆಕ್ಕ ಹಾಕಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಅದೇ ಬಂತು. ತಪ್ಪನ್ನು ಬಚ್ಚಿಡದೆ ತಿದ್ದಿದ ಈ ನಡೆಯಿಂದ ನನಗೆ ಆ ಪ್ರಯೋಗದ ಮೇಲೆ ನಂಬಿಕೆ ಹೆಚ್ಚಿದೆ. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಪೊಮೇಸ್ ಆಲಿವ್ ಎಣ್ಣೆ ಇದಲ್ಲ. ಅದು ಹಿಂಡಿಯಿಂದ ದ್ರಾವಕ ಹಾಕಿ ತೆಗೆದು ಶುದ್ಧೀಕರಿಸಿದ್ದು, ಗಂಟಲು ಚುರುಗುಟ್ಟಿಸುವ ಅಂಶ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹೋಲಿಸಿ ನೋಡುವ ಈ ವಿಧಾನದ ಬೀಜವೂ ಹೀಬ್ರೂ ಗ್ರಂಥದಲ್ಲಿದೆ. ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲ ಮತ್ತು ಗೆಳೆಯರು ರಾಜನ ಭೋಜನ, ದ್ರಾಕ್ಷಾರಸ ಬೇಡವೆಂದು ಕಾಯಿಪಲ್ಯ, ನೀರು ಮಾತ್ರ ಕೇಳುತ್ತಾರೆ. ಹತ್ತು ದಿನ ಹೀಗೆ ಕೊಟ್ಟು, ಆಮೇಲೆ ರಾಜನ ಊಟ ಉಣ್ಣುವವರ ಮುಖದ ಜತೆ ನಮ್ಮ ಮುಖ ಹೋಲಿಸಿ ನೋಡಿ ಎನ್ನುತ್ತಾರೆ. ವೈದ್ಯಕೀಯ ಇತಿಹಾಸಕಾರರು ಇದನ್ನು ತುಲನಾತ್ಮಕ ಪ್ರಯೋಗದ ಅತಿ ಹಳೆಯ ದಾಖಲೆಗಳಲ್ಲಿ ಎಣಿಸುತ್ತಾರೆ.

ಆ ಒರೆಗಲ್ಲಿಗೆ ದಾಳಿಂಬೆಯನ್ನು ಹಚ್ಚಿದರೆ ಹೊಳಪು ಸ್ವಲ್ಪ ಇಳಿಯುತ್ತದೆ. ಮಹಾಯಾಜಕನ ನಿಲುವಂಗಿಯ ಅಂಚಿಗೆ ದಾಳಿಂಬೆಯ ಆಕಾರದ ಕುಚ್ಚುಗಳಿದ್ದವು, ಯೆಹೂದ್ಯ ಹೊಸವರ್ಷಕ್ಕೆ ಇದನ್ನು ತಿನ್ನುತ್ತಾರೆ, ತೋರಾದ 613 ಕಟ್ಟಳೆಗಳಷ್ಟೇ ಕಾಳು ಇದರಲ್ಲಿವೆ ಎಂಬ ಜನಪ್ರಿಯ ನಂಬಿಕೆಯೂ ಇದೆ. ಹೈಫಾದ ಟೆಕ್ನಿಯಾನ್ ಸಂಸ್ಥೆಯ ಮೈಕೆಲ್ ಅವಿರಾಮ್ 2004ರಲ್ಲಿ, ಕತ್ತಿನ ರಕ್ತನಾಳ ಕಿರಿದಾಗಿದ್ದ ಹತ್ತು ರೋಗಿಗಳು ದಾಳಿಂಬೆ ರಸ ಕುಡಿದಾಗ ನಾಳದ ಗೋಡೆಯ ದಪ್ಪವೂ ರಕ್ತದೊತ್ತಡವೂ ಇಳಿಯಿತು ಎಂದು ವರದಿ ಮಾಡಿದರು. ಜಗತ್ತಿನ ತುಂಬ ಸುದ್ದಿಯಾಯಿತು. 2009ರಲ್ಲಿ ಪ್ರಕಟವಾದ, 289 ಜನರ ಮೇಲೆ ಹದಿನೆಂಟು ತಿಂಗಳು ನಡೆದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ರಕ್ತದೊತ್ತಡ ಕೆಲವು ಅಂಕ ಇಳಿಯುವುದು ಮಾತ್ರ ಹಲವು ಸಣ್ಣ ಪ್ರಯೋಗಗಳನ್ನು ಕೂಡಿಸಿದಾಗ ಕಾಣುತ್ತದೆ. ಹೃದ್ರೋಗ, ಕ್ಯಾನ್ಸರ್ ತಡೆಯುತ್ತದೆ ಎಂದು ಜಾಹೀರಾತು ಕೊಟ್ಟ ರಸದ ಕಂಪನಿಯೊಂದರ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2010ರಲ್ಲಿ ದಾವೆ ಹೂಡಿತು, ಕೊನೆಗೆ ಗೆದ್ದಿತು. ದಾಳಿಂಬೆಯ ಟ್ಯಾನಿನ್‌ಗಳು ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಯುರೊಲಿಥಿನ್ ಎಂಬ ಸಣ್ಣ ಅಣುಗಳಾಗಿ ಒಡೆದರೆ ಉಂಟು, ಇಲ್ಲದಿದ್ದರೆ ಇಲ್ಲ, ಮತ್ತು ಆ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ರಸ ಹಿಂಡಿ ಲೋಟ ತುಂಬುವ ಬದಲು ಕಾಳನ್ನೇ ಅಗಿದು ತಿನ್ನಿ ಎಂಬುದು ನನ್ನ ಮಾತು.

ದ್ರಾಕ್ಷಿಯ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ಕೆಂಪು ವೈನಿನಲ್ಲಿರುವ ರೆಸ್ವೆರಟ್ರಾಲ್ ಎಂಬ ಅಂಶ ಹೃದಯ ಕಾಯುತ್ತದೆ ಎಂಬ ಮಾತು ಬಿದ್ದುಹೋಗಿದೆ. ಲೀಟರ್ ವೈನಿನಲ್ಲಿ ಅದು ಕೆಲವೇ ಮಿಲಿಗ್ರಾಂ, ಪ್ರಯೋಗಗಳಲ್ಲಿ ಬಳಸುವುದು ನೂರಾರು. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಣ್ಣಾಗಿ, ಒಣದ್ರಾಕ್ಷಿಯಾಗಿ ತಿನ್ನಿ.

ಅಂಜೂರಕ್ಕೆ ಗ್ರಂಥದಲ್ಲಿ ಮದ್ದಿನ ಪಾತ್ರವೂ ಇದೆ. ಅರಸ ಹಿಜ್ಕೀಯನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿ ಗುಣಪಡಿಸಿದ ಕಥೆ ಅದು. ನನಗೆ ಹೆಚ್ಚು ಹಿಡಿಸುವುದು ಸಮುವೇಲನ ಪುಸ್ತಕದ ಪ್ರಸಂಗ. ಮೂರು ದಿನ ಅನ್ನ ನೀರು ಕಾಣದೆ ಬಯಲಿನಲ್ಲಿ ಬಿದ್ದಿದ್ದ ಈಜಿಪ್ಟಿನ ಆಳಿಗೆ ದಾವೀದನ ಜನ ರೊಟ್ಟಿ, ನೀರು ಕೊಟ್ಟ ಮೇಲೆ ಒಂದು ತುಂಡು ಅಂಜೂರದುಂಡೆ, ಎರಡು ಗೊಂಚಲು ಒಣದ್ರಾಕ್ಷಿ ಕೊಡುತ್ತಾರೆ, ಅವನಿಗೆ ಜೀವ ಬರುತ್ತದೆ. 100 ಗ್ರಾಂ ಒಣ ಅಂಜೂರದಲ್ಲಿ ಸುಮಾರು 48 ಗ್ರಾಂ ಸಕ್ಕರೆ, ಅದರಲ್ಲಿ ಬಹುಪಾಲು ಜೀರ್ಣಿಸುವ ಕೆಲಸವೇ ಇಲ್ಲದ ಗ್ಲೂಕೋಸ್, ಫ್ರಕ್ಟೋಸ್. ಸುಮಾರು 10 ಗ್ರಾಂ ನಾರು, 160 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇವೆ. ಮಲಬದ್ಧತೆ ಇರುವ ಹಿರಿಯರಿಗೆ ರಾತ್ರಿ ನೆನೆಸಿದ ಎರಡು ಅಂಜೂರ ಹಳೆಯ ಸಲಹೆ, ಈಗಲೂ ಒಳ್ಳೆಯದೇ.

ಕೊನೆಯದು ಖರ್ಜೂರ. ಯೂದಾಯದ ಖರ್ಜೂರವನ್ನು ರೋಮಿನ ಪ್ಲಿನಿ ಹೊಗಳಿದ್ದಾನೆ. ಮುಂದೆ ಯುದ್ಧ, ವಲಸೆಗಳ ನಡುವೆ ಆ ತೋಪುಗಳು ಅಳಿದವು, ತಳಿ ಕಾಣೆಯಾಯಿತು. 1960ರ ದಶಕದಲ್ಲಿ ಮಸಾದ ಕೋಟೆಯ ಉತ್ಖನನದಲ್ಲಿ ಸಿಕ್ಕ ಕೆಲವು ಬೀಜಗಳು ದಶಕಗಳ ಕಾಲ ಸಂಗ್ರಹದಲ್ಲಿ ಸುಮ್ಮನೆ ಕುಳಿತಿದ್ದವು. ಹದಸ್ಸಾ ವೈದ್ಯಕೀಯ ಸಂಸ್ಥೆಯ ಸಾರಾ ಸಾಲೊನ್ ಅವನ್ನು ಕೇಳಿ ಪಡೆದರು, ಕೆತೂರಾ ಕಿಬ್ಬುತ್ಸ್ ಎಂಬ ಸಾಮೂಹಿಕ ಕೃಷಿ ನೆಲೆಯ ಎಲೇನ್ ಸೊಲೊವೇ 2005ರ ಜನವರಿಯಲ್ಲಿ, ಮರಗಳ ಹೊಸವರ್ಷದ ದಿನವೇ, ಬಿತ್ತಿದರು. ಬೆಚ್ಚನೆಯ ನೀರು, ಸಸ್ಯ ಹಾರ್ಮೋನು, ಗೊಬ್ಬರದ ದ್ರಾವಣದಲ್ಲಿ ನೆನೆಸಿಟ್ಟಿದ್ದ ಮೂರು ಬೀಜಗಳಲ್ಲಿ ಒಂದು ಕೆಲವು ವಾರಗಳಲ್ಲಿ ಮೊಳೆಯಿತು. ಬೇರಿಗೆ ಅಂಟಿದ್ದ ಬೀಜದ ಸಿಪ್ಪೆಯ ಚೂರನ್ನು ಇಂಗಾಲದ ಕಾಲನಿರ್ಣಯಕ್ಕೆ ಒಳಪಡಿಸಿದರೆ ಸುಮಾರು 2,000 ವರ್ಷ. ಅದಕ್ಕೆ ಮೆತೂಷೆಲಹ ಎಂದು ಹೆಸರಿಟ್ಟರು. ಗಂಡು ಗಿಡ, ಹಣ್ಣು ಬಿಡದು. ಮುಂದೆ ಇನ್ನೂ ಆರು ಹಳೆಯ ಬೀಜಗಳು ಮೊಳೆತವು. ಅವುಗಳಲ್ಲಿ ಹನ್ನಾ ಎಂಬ ಹೆಣ್ಣು ಮರಕ್ಕೆ ಮೆತೂಷೆಲಹನ ಪರಾಗ ಸೋಕಿಸಿದಾಗ 2020ರಲ್ಲಿ 111 ಹಣ್ಣು ಬಂದವು.

ಖರ್ಜೂರ ಸಿಹಿಯಾದರೂ ರಕ್ತದ ಸಕ್ಕರೆಯನ್ನು ಬಿಳಿ ಬ್ರೆಡ್ಡಿನಷ್ಟು ವೇಗವಾಗಿ ಏರಿಸುವುದಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಐದು ತಳಿಗಳನ್ನು ಅಳೆದಾಗ ಗ್ಲೈಸಿಮಿಕ್ ಸೂಚ್ಯಂಕ 46ರಿಂದ 55ರ ನಡುವೆ ಇತ್ತು. ನಾರು ಉಳಿದಿರುವ ಹಣ್ಣಿನ ಮಾತು ಇದು, ಪಾಕಕ್ಕೆ ಅನ್ವಯಿಸದು. ಜೋರ್ಡಾನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನ ತುಂಬುವ ಮುಂಚಿನ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದ 69 ಗರ್ಭಿಣಿಯರಲ್ಲಿ ಶೇ. 96 ಮಂದಿಗೆ ಹೆರಿಗೆ ನೋವು ತಾನಾಗಿ ಬಂತು. ತಿನ್ನದ 45 ಮಂದಿಯಲ್ಲಿ ಅದು ಶೇ. 79. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲವಾದ್ದರಿಂದ ಇದನ್ನು ಒಳ್ಳೆಯ ಸುಳಿವು ಎಂದಷ್ಟೇ ತೆಗೆದುಕೊಳ್ಳಬೇಕು.

ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತ, ವೈದ್ಯ ಮೈಮೊನಿಡೀಸ್ ಅಂಜೂರ, ದ್ರಾಕ್ಷಿ, ಬಾದಾಮಿ ಯಾವಾಗಲೂ ಒಳ್ಳೆಯವು ಎಂದು ಬರೆದು, ಹೊಟ್ಟೆಯ ಕಾಲು ಭಾಗ ಖಾಲಿ ಬಿಟ್ಟು ಏಳಬೇಕು ಎಂದೂ ಹೇಳಿದ್ದಾರೆ. ಎರಡನ್ನೂ ಕೂಡಿಸಿ ಓದಿಕೊಳ್ಳಿ. ವಾರದಲ್ಲಿ ನಾಲ್ಕಾರು ದಿನ ಬಾರ್ಲಿಯನ್ನು ಅನ್ನದ ಬದಲೋ ಗಂಜಿಯಾಗಿಯೋ ಉಣ್ಣಿ. ಖಪ್ಲಿ ಗೋಧಿ ಸಿಕ್ಕರೆ ಬೆಳೆದ ರೈತರಿಂದಲೇ ಕೊಳ್ಳಿ. ಮಧುಮೇಹ ಇರುವವರು ಖರ್ಜೂರವನ್ನು ಎರಡು ಮೂರಕ್ಕೆ ನಿಲ್ಲಿಸಿ, ಅದನ್ನೂ ಊಟದ ಲೆಕ್ಕಕ್ಕೆ ಸೇರಿಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಒಣಹಣ್ಣಿನ ಪೊಟ್ಯಾಸಿಯಂ ಅಪಾಯ ತರಬಹುದು, ವೈದ್ಯರನ್ನು ಕೇಳದೆ ತಿನ್ನಬೇಡಿ. ಬಿಪಿ, ಸಕ್ಕರೆ, ಕೊಲೆಸ್ಟೆರಾಲಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಏಳರಲ್ಲಿ ಯಾವುದನ್ನು ನಂಬಿಯೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ.